ಸದ್ದಿಲ್ಲದ ಪರೀಕ್ಷೆ

ಹೆರಿಗೆಗೆಂದು ಬಿಟ್ಟ ಕೆಲಸ ಮತ್ತೆ ಸಿಗಬೇಕಾದರೆ ಅವಳಿಗೆ ಒಂದು ಸರ್ಟಿಫಿಕೇಟ್ ಬೇಕಿತ್ತು. ಆಫೀಸಿನ ಖರೀದಿ, ಸಂಬಳ, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನಡೆಸುವ ಹೊಸ ಸಾಫ್ಟ್‌ವೇರಿನದು. ಅವಳು ಕಲಿಯಲು ಕೂತ ದಿನದಿಂದ ಗಂಡನ ಬಾಯಿಗೆ ಬಿಡುವಿರಲಿಲ್ಲ.

"ಲಾಗಿನ್ ಆಗೋಕೇ ದಿನವಿಡೀ ಒದ್ದಾಡಿದೋಳು ನೀನು. ನಿನಗ್ಯಾಕೆ ಈ ಉಸಾಬರಿ?"

"ನೀವು ಸ್ವಲ್ಪ ಮಗೂನ ನೋಡ್ಕೊಳ್ಳಿ, ಸಾಕು."

"ಅದಕ್ಕೇ ಅಲ್ವಾ ನೀನಿರೋದು?"

ಪರೀಕ್ಷೆ ಮನೆಯಿಂದಲೇ, ಕ್ಯಾಮೆರಾದ ಮುಂದೆ. ಶುರುವಾಗುವ ಮೊದಲು ಲ್ಯಾಪ್‌ಟಾಪಿನಿಂದ ಮೇಲ್ವಿಚಾರಕನ ದನಿ ಕೇಳಿತು: "ಕೋಣೆಯಲ್ಲಿ ನೀವೊಬ್ಬರೇ ಇರಬೇಕು. ಯಾರಾದರೂ ಉತ್ತರ ಹೇಳಿಕೊಟ್ಟದ್ದು ಕೇಳಿಸಿದರೆ ಪರೀಕ್ಷೆ ಅಲ್ಲಿಗೇ ರದ್ದು. ಮತ್ತೆ ಕೂರುವಂತಿಲ್ಲ."

ಬಾಗಿಲಲ್ಲಿ ನಿಂತಿದ್ದ ಗಂಡ ಪೂರ್ತಿ ಕೇಳಿಸಿಕೊಂಡ. ಮಗುವನ್ನು ಎತ್ತಿಕೊಂಡು ಹೋಗಿ ಬಾಗಿಲು ಎಳೆದುಕೊಂಡ.

ಮನೆ ಅಷ್ಟು ತಣ್ಣಗಿದ್ದದ್ದು ಅವಳಿಗೆ ನೆನಪೇ ಇರಲಿಲ್ಲ. ಬಂದದ್ದೆಲ್ಲ ಗೊತ್ತಿದ್ದ ಪ್ರಶ್ನೆಗಳೇ. ಅಂತೂ ಕರಗಿದನಲ್ಲ ಮಹಾರಾಯ ಅಂದುಕೊಳ್ಳುತ್ತ ಕೊನೆಯ ಪ್ರಶ್ನೆಗೆ ಬಂದಳು.

ಬಾಗಿಲಾಚೆಯಿಂದ, ಎಂದೂ ಇಲ್ಲದ ಅಕ್ಕರೆಯಲ್ಲಿ, ಗಟ್ಟಿಯಾಗಿ ಗಂಡನ ದನಿ ಬಂತು: "ನಾನು ಹೇಳ್ಕೊಟ್ಟ ಹಾಗೇ ಎರಡನೇ ಉತ್ತರಾನೇ ಒತ್ತು ಕಣೇ, ಹೆದರ್ಬೇಡ."