ಕವಲು ತಪ್ಪಿದ ದಾರಿ

ಮಧ್ಯಾಹ್ನ ಎರಡರ ಹೊತ್ತಿಗೆ ತೈಮಿಗೆ ದಾರಿಯಂಚಿನ ಗುರುತುಕೋಲುಗಳು ಕಾಣದಾದವು. ಮೂರು ದಿನದಿಂದ ಬೀಳುತ್ತಿದ್ದ ಹಿಮ ನೆಲವನ್ನೂ ಆಕಾಶವನ್ನೂ ಒಂದು ಮಾಡಿತ್ತು. ಟ್ರ್ಯಾಕ್ಟರಿನ ಮುಂದಿನ ಅಲಗು ಹಿಮವನ್ನು ಪಕ್ಕಕ್ಕೆ ತಳ್ಳುತ್ತಲೇ ಇತ್ತು. ಆದರೆ ತಾನು ಮುಂದೆ ಹೋಗುತ್ತಿದ್ದೇನೋ, ನಿಂತಲ್ಲೇ ತೇಲುತ್ತಿದ್ದೇನೋ ಅವಳಿಗೆ ತಿಳಿಯುತ್ತಿರಲಿಲ್ಲ.

ಆರು ಮನೆಗಳ ದಾರಿ ಬಿಡಿಸುವ ಸರದಿ ಈ ಚಳಿಗಾಲ ಅವಳದು. ಏಳನೆಯದು ಓಯಿವಾನ ಮನೆ. ಇಬ್ಬರ ಜಮೀನಿನ ಗಡಿಯಲ್ಲಿದ್ದ ಮರವನ್ನು ಅವನು ಕಡಿದ ದಿನದಿಂದ, ಹನ್ನೊಂದು ವರ್ಷ, ಇಬ್ಬರಿಗೂ ಮಾತಿರಲಿಲ್ಲ. ಕವಲಿನಿಂದಾಚೆಯ ತನ್ನ ದಾರಿಯನ್ನು ಅವನು ತಾನೇ ಸಲಿಕೆ ಹಿಡಿದು ತೆರವು ಮಾಡಿಕೊಳ್ಳುತ್ತಿದ್ದ.

ಬಿಳುಪಿನೊಳಗಿಂದ ಒಂದು ಟೋಪಿ ಮೂಡಿತು. ಆಮೇಲೆ, ಎದೆಮಟ್ಟದ ಹಿಮದಲ್ಲಿ ಈಜುತ್ತಿರುವಂತೆ ಒಬ್ಬ ಮುದುಕ. ಕನಸೆಂದುಕೊಂಡೇ ತೈಮಿ ಬ್ರೇಕ್ ಒತ್ತಿದಳು. ಓಯಿವಾ ಸಲಿಕೆಯ ಮೇಲೆ ಭಾರ ಬಿಟ್ಟು ನಿಂತ. ಹೆಂಡತಿ ಲೆಂಪಿಗೆ ಎರಡು ದಿನದಿಂದ ಜ್ವರ, ಈಗ ಉಸಿರೂ ಕಟ್ಟುತ್ತಿದೆ, ಆಂಬುಲೆನ್ಸ್ ಹೆದ್ದಾರಿಯಲ್ಲೇ ನಿಂತಿದೆ ಎಂದ. ಬೆಳಿಗ್ಗೆಯಿಂದ ತೋಡಿದರೂ ಅರ್ಧ ದಾರಿ ಆಗಿರಲಿಲ್ಲ.

“ನಂಗೊಂದು ಫೋನ್ ಮಾಡೋಕಾಗ್ಲಿಲ್ವಾ?”

“ಹನ್ನೊಂದು ವರ್ಷ ಆಯ್ತಲ್ಲ ತೈಮಿ. ಯಾವ ಬಾಯಲ್ಲಿ ಮಾಡ್ಲಿ?”

ತೈಮಿ ಮತ್ತೆ ಗೇರ್ ಹಾಕಿದಳು. “ನೀನು ಮುಂದೆ ನಡಿಯಣ್ಣ,” ಎಂದಳು. “ಚರಂಡಿ ಎಲ್ಲಿದೆ ನಂಗೆ ಕಾಣಲ್ಲ.”

ಅವನು ಮುಂದೆ, ಟ್ರ್ಯಾಕ್ಟರ್ ಹಿಂದೆ. ಹಾಗೇ ಅಂಗಳದವರೆಗೆ ಹೋದರು.

ಲೆಂಪಿಯನ್ನು ರಜಾಯಿಯಲ್ಲಿ ಸುತ್ತಿ ತೈಮಿಯ ಪಕ್ಕದ ಸಣ್ಣ ಸೀಟಿನಲ್ಲಿ ಕೂರಿಸಿದರು. ವಾಪಸು ಹೆದ್ದಾರಿಯತ್ತ ಬರುವಾಗ ಕಾಣುತ್ತಿದ್ದದ್ದು ತೈಮಿಯದೇ ಜಾಡು ಒಂದೇ. ಅರ್ಧ ದಾರಿಯಲ್ಲಿ ಲೆಂಪಿ ಕಣ್ಣು ಬಿಟ್ಟಳು.

“ಎಷ್ಟು ಮೆತ್ತಗೆ ಹೋಗ್ತಿದೆ. ನಾವೇನು ಕೆರೆ ಮೇಲೆ ಹೋಗ್ತಿದ್ದೀವಾ?”

ತೈಮಿ ಆಗಲೇ ಕೆಳಗೆ ದಿಟ್ಟಿಸಿದ್ದು. ಅಲಗು ಕೆರೆದ ಕಡೆ ಒಣಹುಲ್ಲಿನ ಕೂಳೆ ಇಣುಕುತ್ತಿತ್ತು. ದಾರಿಯ ಸುಳಿವೇ ಇರಲಿಲ್ಲ.

“ಇಲ್ಲ ಲೆಂಪಿ ಅಕ್ಕ, ನನ್ನ ಹುಲ್ಲುಗಾವಲ ಮೇಲೆ.”

“ಹಂಗಾದ್ರೆ ಸದ್ದು ಮಾಡ್ಬೇಡ,” ಎಂದು ಲೆಂಪಿ ಮತ್ತೆ ಕಣ್ಣು ಮುಚ್ಚಿದಳು. “ಹುಲ್ಲು ಮಲಗಿದೆ.”

ಮಾರನೆಯ ಬೆಳಿಗ್ಗೆ ಆಕಾಶ ತಿಳಿಯಾದಾಗ ಊರವರಿಗೆ ಕಂಡಿತು: ಜಾಡು ಕವಲನ್ನು ಎಲ್ಲೋ ಬಿಟ್ಟು, ನಿದ್ದೆಗಣ್ಣಲ್ಲಿ ನಡೆದಂತೆ ತೈಮಿಯ ಹುಲ್ಲುಗಾವಲಿನಲ್ಲಿ ಅಡ್ಡಾದಿಡ್ಡಿ ಸಾಗಿ ಓಯಿವಾನ ದಾರಿಯನ್ನು ಸೇರಿತ್ತು. ನೆಟ್ಟಗೆ ಮಾಡೋಣವೇ ಎಂದು ಯಾರೋ ಕೇಳಿದರು. ಇರಲಿ ಬಿಡಿ ಎಂದಳು ತೈಮಿ. ಹತ್ತು ದಿನದ ಮೇಲೆ ಲೆಂಪಿ ಆಸ್ಪತ್ರೆಯಿಂದ ಮನೆಗೆ ಮರಳಿದ್ದೂ ಅದೇ ದಾರಿಯಲ್ಲಿ. ಅಂಚೆಯವನೂ ಚಳಿಗಾಲ ಮುಗಿಯುವ ತನಕ ಅಲ್ಲೇ ಓಡಾಡಿದ.

ಮೇ ತಿಂಗಳಲ್ಲಿ ಹುಲ್ಲುಗಾವಲೆಲ್ಲ ಚಿಗುರಿತು. ಚಕ್ರಗಳಡಿ ಗಟ್ಟಿಯಾಗಿದ್ದ ಹಿಮ ಮಾತ್ರ ಇನ್ನೂ ಕರಗಿರಲಿಲ್ಲ. ಹಸಿರಿನ ನಡುವೆ, ಒಂದು ಮನೆಯಿಂದ ಇನ್ನೊಂದು ಮನೆಯತ್ತ, ಸೊಟ್ಟಗಿನ ಬಿಳಿ ಗೆರೆಯೊಂದು ಬಿಸಿಲಿನಲ್ಲಿ ಹೊಳೆಯುತ್ತ ಮಲಗಿತ್ತು.