ಬಲಗಡೆಯ ಪುಟ

ತರಗತಿಯ ಚರ್ಚೆಗೆಂದು ಎತ್ತಿದ ಚೀಟಿ ಬಿಚ್ಚಿದಾಗ ಟ್ಯಾಮ್ಸಿನ್‌ಗೆ ಬಂದದ್ದು 'ವಿರೋಧ'. ವಿಷಯ, ದಯಾಮರಣ. ಪೆಟ್ರಾಕಿಸ್ ಮೇಷ್ಟ್ರು ಹತ್ತನೇ ತರಗತಿಗೆ ಹಂಚಿದ್ದ ಪುಸ್ತಕದಲ್ಲಿ ಪ್ರತಿ ವಿವಾದಕ್ಕೂ ಎಡಗಡೆಯ ಪುಟ ಪರ, ಬಲಗಡೆಯ ಪುಟ ವಿರೋಧ. ಎರಡೂ ಕಡೆ ಒಂದೇ ಅಳತೆ, ಒಂದೇ ಗಾತ್ರದ ಅಕ್ಷರ. ಯಾವ ತಂದೆತಾಯಿಯೂ ಶಾಲೆಗೆ ಬಂದು ಜಗಳ ತೆಗೆಯುವಂತಿರಲಿಲ್ಲ. ಗಾಂಜಾ, ಕಾಂಗರೂ ಬೇಟೆಯ ಚರ್ಚೆಗಳೆಲ್ಲವೂ ಈ ಪುಸ್ತಕದ ನೆರಳಿನಲ್ಲಿ ಶಾಂತವಾಗಿ ಮುಗಿದಿದ್ದವು.

ಗಂಟೆ ಹೊಡೆದ ಮೇಲೆ ಟ್ಯಾಮ್ಸಿನ್ ಮೇಷ್ಟ್ರ ಮೇಜಿನ ಹತ್ತಿರ ಹೋದಳು.

"ಸರ್, ಚೀಟಿ ಬದಲಾಯಿಸ್ಕೋಬಹುದಾ?"

"ಆಗಲ್ಲಮ್ಮ. ಒಪ್ಪಿಗೆ ಇಲ್ಲದ್ದನ್ನೂ ವಾದ ಮಾಡಿ ಕಲೀಬೇಕು. ಅದಕ್ಕೇ ತಾನೇ ಈ ಪುಸ್ತಕ?"

"ಒಪ್ಪಿಗೆ ಇದೆಯೋ ಇಲ್ವೋ ನಂಗೇ ಗೊತ್ತಿಲ್ಲ ಸರ್. ನಮ್ಮಜ್ಜಿ ಮುಂದಿನ ಶುಕ್ರವಾರ ತಗೊಂಡಿದಾರೆ."

"ಏನು ತಗೊಂಡಿದಾರೆ?"

"ಶುಕ್ರವಾರಾನೇ. ಡಾಕ್ಟರ್ ಮನೆಗೇ ಬರ್ತಾರೆ. ಕಾನೂನು ಪ್ರಕಾರಾನೇ ಸರ್, ಸಹಿ ಎಲ್ಲಾ ಆಗಿದೆ."

ಪೆಟ್ರಾಕಿಸ್ ಕುರ್ಚಿಯಲ್ಲಿ ಕೂತರು. ಪುಸ್ತಕದ ಕೊನೆಯಲ್ಲಿದ್ದ 'ಶಿಕ್ಷಕರಿಗೆ ಸೂಚನೆ' ತೆರೆದು ನೋಡಿದರು. 'ವಿದ್ಯಾರ್ಥಿಗಳ ಭಾವನೆಗಳನ್ನು ಗೌರವಿಸಿ' ಎಂದಷ್ಟೇ ಇತ್ತು. ಅವರು ಚೀಟಿಯನ್ನು ವಾಪಸ್ ಇಸಿದುಕೊಂಡು, ಈ ಸಲ ನೀನು ಸುಮ್ಮನೆ ಕೂತು ಕೇಳಿದರೆ ಸಾಕು ಎಂದರು.

ಮನೆಯಲ್ಲಿ ಅಜ್ಜಿ ಡಲ್ಸಿ ಅಡುಗೆಮನೆಯ ಕಿಟಕಿಯ ಪಕ್ಕ, ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡು ಕೂತಿದ್ದಳು. ಶ್ವಾಸಕೋಶದ ಕ್ಯಾನ್ಸರ್ ಬೆನ್ನೆಲುಬಿಗೆ ಇಳಿದಿತ್ತು. ನಡೆದದ್ದನ್ನು ಕೇಳಿ ಅವಳು ಟೀ ಲೋಟ ಕೆಳಗಿಟ್ಟಳು.

"ವಿರೋಧಾನಾ? ಕೈಗೆ ಬಂದಿದ್ದನ್ನ ಯಾಕೆ ವಾಪಸ್ ಕೊಟ್ಟೆ, ಪೆದ್ದಿ? ಒಂದು ತಿಂಗಳಿಂದ ಈ ಮನೇಲಿ ನಾನು ಏನಂದ್ರೂ ಎಲ್ಲರೂ ಹೂಂ ಅಂತಾರೆ. ಫುಟ್‌ಬಾಲಲ್ಲಿ ಈ ಸಲ ನಮ್ಮ ಟೀಮೇ ಗೆಲ್ಲೋದು ಅಂದೆ. ಅದಕ್ಕೂ ನಿಮ್ಮಮ್ಮ ಹೂಂ ಅಂದ್ಲು! ಹುಟ್ಟಿದಾಗಿಂದ ನಮ್ಮ ಟೀಮಿಗೆ ಬೈಕೊಂಡು ಬೆಳೆದವಳು. ತಲೆ ಚಿಟ್ಟು ಹಿಡಿದುಹೋಗಿದೆ ನಂಗೆ. ಹೋಗಿ ಚೀಟಿ ತಗೊಂಬಾ."

ಮರುದಿನ ಟ್ಯಾಮ್ಸಿನ್ ಮೇಷ್ಟ್ರಿಂದ ಚೀಟಿ ವಾಪಸ್ ತಂದಳು. ಅಂದಿನಿಂದ ಸಂಜೆಯ ಟೀ ಹೊತ್ತಿಗೆ ಅಭ್ಯಾಸ. ಅಜ್ಜಿ ಎಡಗಡೆಯ ಪುಟ, ಮೊಮ್ಮಗಳು ಬಲಗಡೆಯ ಪುಟ. ಅಮ್ಮ ಬೆನ್ನು ತಿರುಗಿಸಿಕೊಂಡು, ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

"ನನ್ನ ಪರ ಬರೆಯೋಕೆ ಇವರಿಗೆ ಇವನೇ ಸಿಕ್ಕಿದ್ನಾ?" ಎಂದಳು ಡಲ್ಸಿ. "ಸಾಲಿಗೊಂದು ಸಲ 'ಘನತೆ', 'ಘನತೆ'. ಮಲಗಿದ್ರೆ ಉಸಿರು ಸಿಗಲ್ಲ ಅಂತ ನೆಟ್ಟಗೆ ಬರೆಯೋಕೆ ಏನು ಧಾಡಿ? ಸರಿ, ನಿಂದು ಓದು."

"ವಯಸ್ಸಾದವರು ತಾವು ಮನೆಯವರಿಗೆ ಹೊರೆ ಅಂದ್ಕೊಂಡು ಒಪ್ಪಿಬಿಡಬಹುದು."

"ನಾನು ಹೊರೆ ಅನ್ನೋದು ನಿಮ್ಮ ತಾತನ ಕಾಲದಿಂದ ಎಲ್ಲರಿಗೂ ಗೊತ್ತಿರೋದೇ. ಮುಂದೆ."

"ಡಾಕ್ಟರ ಅಂದಾಜು ತಪ್ಪಾಗಬಹುದು."

"ತಪ್ಪಾಗಿದೆ. ಕ್ರಿಸ್‌ಮಸ್ ನೋಡಲ್ಲ ಅಂದಿದ್ರು, ಈಸ್ಟರ್ ಮೊಟ್ಟೇನೂ ತಿಂದೆ. ಮುಂದೆ."

ಟ್ಯಾಮ್ಸಿನ್ ಪುಟವನ್ನೇ ನೋಡುತ್ತಾ ಹೇಳಿದಳು: "ನಂಗೆ ಇಷ್ಟ ಇಲ್ಲ."

"ಅದು ಎಲ್ಲಿದೆ? ನಂಗೆ ಕಾಣ್ತಿಲ್ಲ."

"ಬುಕ್ಕಲ್ಲಿಲ್ಲ."

ಅಮ್ಮ ಸಿಂಕಿನ ನಲ್ಲಿ ನಿಲ್ಲಿಸಿದಳು. ಡಲ್ಸಿ ಕನ್ನಡಕ ತೆಗೆದು ಸ್ವೆಟರಿನ ತೋಳಿನಿಂದ ಬಹಳ ಹೊತ್ತು ಒರೆಸಿದಳು. "ಚೆನ್ನಾಗಿದೆ," ಎಂದಳು. "ಅದನ್ನ ಕೊನೇಲಿ ಹೇಳು. ಹೇಳೋವಾಗ ತಲೆ ಬಗ್ಗಿಸಬೇಡ."

ಚರ್ಚೆ ಗುರುವಾರಕ್ಕೆ ಬಂತು. ಅಮ್ಮ ಡಲ್ಸಿಯ ಗಾಲಿಕುರ್ಚಿ ತಳ್ಳಿಕೊಂಡು ಬಂದು ತರಗತಿಯ ಹಿಂದುಗಡೆ ನಿಲ್ಲಿಸಿದಳು. ಅವಳು ಟ್ಯಾಮ್ಸಿನ್‌ಳ ಅಜ್ಜಿ ಎನ್ನುವುದು ಹುಡುಗರಿಗೆ ಗೊತ್ತಿತ್ತು. ಶುಕ್ರವಾರದ ಸಂಗತಿ ಪೆಟ್ರಾಕಿಸ್ ಒಬ್ಬರಿಗೇ ಗೊತ್ತಿದ್ದದ್ದು. ಪರವಾಗಿ ಹ್ಯಾಮಿಶ್ ಮಾತಾಡಿದ. ಪುಟದಲ್ಲಿದ್ದ 'ಘನತೆ'ಗಳಲ್ಲಿ ಒಂದನ್ನೂ ಬಿಡದೆ ಹೇಳಿದ. ಟ್ಯಾಮ್ಸಿನ್ ಎದ್ದು ಪುಸ್ತಕ ಮುಚ್ಚಿ ಮಾತಾಡಿದಳು. ಕೊನೆಗೆ ಬಂದಾಗ ತಲೆ ಎತ್ತಿದಳು.

"ನೋವಿರೋದು ಅವರಿಗೆ. ತೀರ್ಮಾನಾನೂ ಅವರದ್ದೇ ಇರಬಹುದು. ಆದ್ರೂ ನಂಗೆ ಇಷ್ಟ ಇಲ್ಲ."

ಹ್ಯಾಮಿಶ್ ಆ ಸಾಲನ್ನು ಬಲಗಡೆಯ ಪುಟದಲ್ಲಿ ಹುಡುಕಿದ. ಸಿಗಲಿಲ್ಲ.

"ನೀವು ಏನು ನಂಬ್ತೀರಿ ಅಂತ ಕೇಳ್ತಿಲ್ಲ," ಎಂದರು ಪೆಟ್ರಾಕಿಸ್, ವಾಡಿಕೆಯಂತೆ. "ಯಾರು ಚೆನ್ನಾಗಿ ವಾದ ಮಾಡಿದ್ರು ಅಂತಷ್ಟೇ. ಪರ ಅನ್ನೋರು ಕೈ ಎತ್ತಿ." ಎಣಿಸಿದರು. "ಈಗ ವಿರೋಧ." ಎಣಿಸಿದರು. ಎರಡೂ ಸರಿಸಮ. ಅವರಿಗೆ ಒಂದು ಗಳಿಗೆ ನೆಮ್ಮದಿಯೇ ಆಯಿತು. ಆಮೇಲೆ ಹಿಂದುಗಡೆ, ಗೋಡೆಯ ಪಕ್ಕ, ಮಣಿಕಟ್ಟಿನವರೆಗೂ ನೀಲಿಗಟ್ಟಿದ ಇನ್ನೊಂದು ಕೈ ಮೇಲೆದ್ದಿರುವುದು ಕಂಡಿತು.

"ಅಮ್ಮಾ, ನೀನು..." ಎಂದಳು ಟ್ಯಾಮ್ಸಿನ್‌ಳ ತಾಯಿ.

"ಇವಳೇ ಕಣೇ ಚೆನ್ನಾಗಿ ಮಾತಾಡಿದ್ದು. ಸುಳ್ಳು ಹೇಳು ಅಂತೀಯಾ?"

ಪೆಟ್ರಾಕಿಸ್ ಬೋರ್ಡಿನ ಮುಂದೆ ಪೆನ್ನು ಹಿಡಿದು ನಿಂತಿದ್ದರು. "ನಿಮ್ಮ ಕೈ... ಲೆಕ್ಕಕ್ಕೆ ಹಿಡೀಲಾ?" ಎಂದರು.

"ಹಿಡಿಯಪ್ಪ," ಎಂದಳು ಡಲ್ಸಿ. "ನಾಳೆ ಬೆಳಿಗ್ಗೆವರೆಗೂ ಚಾಲ್ತೀಲಿರುತ್ತೆ."