ಹ್ಯಾಲ್‌ಬರಿಗೆ ಕೊಟ್ಟ ಮಾತು

"ಸ್ಟಾರ್ಟ್‌ನಲ್ಲಿ ಒಂಚೂರು ತಡ ಮಾಡು, ಸಾಕು," ಎಂದಳು ಬೆರಿಲ್. "ಯಾರಿಗೂ ಗೊತ್ತಾಗಲ್ಲ."

ಅವಳ ಗಂಡ ನೆವಿಲ್ ತಲೆಯೆತ್ತಲಿಲ್ಲ. ಎಡಗಾಲಿನ ಬೂಟಿಗೆ ಉಕ್ಕಿನ ಅಟ್ಟೆ ಕಟ್ಟಿಕೊಳ್ಳುತ್ತಿದ್ದ. ತಿರುವಿನಲ್ಲಿ ಈ ಕಾಲನ್ನೇ ನೆಲಕ್ಕೆ ಊರಿ ಜಾರಬೇಕು. ಹೋದ ವರ್ಷ ಮುರಿದು, ಒಳಗೆ ಸರಳು ಹಾಕಿಸಿಕೊಂಡದ್ದೂ ಇದೇ ಕಾಲು.

"ನನಗೆ ಗೊತ್ತಾಗತ್ತಲ್ಲ," ಎಂದ.

"ನೀನು ಗೆಲ್ಲೋಕೆ ಹೋದ್ರೆ ನಮ್ಮ ಮನೆ ಉಳಿಯಲ್ಲ, ನೆವಿಲ್. ಅಪ್ಪ ಎದೆ ಒಡ್ಕೊಂಡು ಸಾಯ್ತಾರೆ."

"ಕೊಟ್ಟ ಮಾತಿಗೆ ತಪ್ಪಬಾರದು ಅಂತ ಕಲಿಸಿದ್ದೇ ನಿಮ್ಮಪ್ಪ."

"ಮಾತು ಕೊಟ್ಟಾಗ ಹೀಗಾಗತ್ತೆ ಅಂತ ಗೊತ್ತಿತ್ತಾ ನಿಂಗೆ?"

"ಇಲ್ಲ."

"ಮತ್ತೆ?"

"ಮತ್ತೇನೂ ಇಲ್ಲ. ಹೆಲ್ಮೆಟ್ ಕೊಡು."

ಅವಳು ಕೊಡಲಿಲ್ಲ. ಅವನೇ ಅವಳ ಕೈಯಿಂದ ಮೆಲ್ಲನೆ ಬಿಡಿಸಿಕೊಂಡ. ಅಷ್ಟರಲ್ಲಿ ಹ್ಯಾಲ್‌ಬರಿ ಕ್ಲಬ್ಬಿನ ಯಜಮಾನ ಹಾರ್ಗ್ರೀವ್ ಓಡೋಡಿ ಬಂದ. ಗಂಡ ಹೆಂಡಿರ ಮುಖ ನೋಡಿದ್ದೇ ಅವನ ಮುಖ ಕಪ್ಪಿಟ್ಟಿತು. ಏನೋ ಕೇಳಲು ಬಾಯಿ ತೆರೆದು, ಪಕ್ಕದಲ್ಲಿದ್ದ ನೀಲಿ ಹೆಲ್ಮೆಟ್‌ನ ಹುಡುಗನ ಕಡೆ ತಿರುಗಿದ.

"ಲೋ ಕಾಲಿನ್, ಮೂರನೆಯವನಾಗಿ ಬಂದ್ರೆ ಸಾಕು ಕಣೋ. ಬೀಳಬೇಡ, ಅಷ್ಟೇ." ಆಮೇಲೆ ನೆವಿಲ್‌ಗೆ ದನಿ ತಗ್ಗಿಸಿ, "ನಿಮಗೆ ನಾನೇನು ಹೇಳೋದು. ನಿಮ್ಮನ್ನೇ ನಂಬಿದೀವಿ," ಎಂದ.

"ನಂಬಿ," ಎಂದು ನೆವಿಲ್ ಕುಂಟುತ್ತ ತನ್ನ ರೇಸ್ ಬೈಕಿನ ಕಡೆ ನಡೆದ.

ಆ ವರ್ಷ ಅಂಕಪಟ್ಟಿಯ ತಳದಲ್ಲಿ ಉಳಿದ ತಂಡವನ್ನು ಲೀಗ್ ಕೈಬಿಡುವುದೆಂದು ತೀರ್ಮಾನವಾಗಿತ್ತು. ಕೈಬಿಟ್ಟ ತಂಡದ ಟ್ರ್ಯಾಕ್ ಉಳಿದದ್ದನ್ನು ಯಾರೂ ಕಂಡಿರಲಿಲ್ಲ; ಮರುವರ್ಷ ಹೋದರೆ ಅಲ್ಲೊಂದು ಗೋದಾಮು ಎದ್ದಿರುತ್ತದೆ. ತಳದಲ್ಲಿ ಹ್ಯಾಲ್‌ಬರಿ, ಒಂದೇ ಮೆಟ್ಟಿಲು ಮೇಲೆ ಮಾರ್‌ಬ್ರಿಜ್. ಇಂದು ಎಲ್‌ಕೋಟ್ ತಂಡವನ್ನು ಮಣಿಸಿದರೆ ಹ್ಯಾಲ್‌ಬರಿ ಬದುಕಿತು, ಮಾರ್‌ಬ್ರಿಜ್ ತಳಕ್ಕೆ ಬಿತ್ತು. ಇಲ್ಲವಾದರೆ ಇಲ್ಲ. ಅಂಕಗಳು ಸಮಸಮ, ಉಳಿದದ್ದು ಒಂದೇ ರೇಸು, ತಂಡಕ್ಕೆ ಇಬ್ಬಿಬ್ಬರು ಸವಾರರು. ಕೆಂಪು ಹೆಲ್ಮೆಟ್ ತೊಟ್ಟ ನೆವಿಲ್ ಮೊದಲು, ಕಾಲಿನ್ ಮೂರನೆಯವನಾಗಿ ಬರಬೇಕು.

ಬೆರಿಲ್ ಚಹಾದಂಗಡಿಯ ಮರೆಗೆ ಬಂದು ನಿಂತಳು. ಅಂಗಡಿಯ ವಿನ್ನಿ ಅವಳನ್ನು ಕಂಡು ಕೇಳದೆಯೇ ಚಹಾ ಸುರಿದು ಕೊಟ್ಟಳು.

"ಕಾಸು ಒಳಗಿಡಿ ತಾಯಿ. ನಿಮ್ಮ ಹತ್ರ ತಗೊಂಡ್ರೆ ನಾಲಿಗೆ ಬಿದ್ದುಹೋಗತ್ತೆ. ಇವತ್ತು ನಿಮ್ಮೆಜಮಾನ್ರೇ ನಮಗೆ ದೇವ್ರು."

ಬೆರಿಲ್ ಲೋಟವನ್ನು ಹಾಗೇ ಕೆಳಗಿಟ್ಟಳು.

"ಆ ಹಳದಿ ಹೆಲ್ಮೆಟ್‌ನವನನ್ನ ನೋಡಿ," ವಿನ್ನಿ ಮಾತು ಮುಂದುವರಿಸಿದಳು. "ಎಲ್‌ಕೋಟ್‌ನವನೇ ಅಲ್ಲ ಅವನು. ಅವರ ಹುಡುಗ ಬಿದ್ದು ಕೈ ಮುರ್ಕೊಂಡ ಅಂತ ಬೇರೆ ತಂಡದಿಂದ ಇವತ್ತಿಗೆ ಎರವಲು ತಂದಿದಾರೆ. ಎರವಲು ಬಂದವನಿಗೇನು ನೋವು ಹೇಳಿ, ಗೆದ್ರೇನು ಸೋತ್ರೇನು..." ಥಟ್ಟನೆ ನಾಲಿಗೆ ಕಚ್ಚಿಕೊಂಡು ಬಿಸ್ಕತ್ತಿನ ತಟ್ಟೆಯನ್ನು ಮುಂದೆ ತಳ್ಳಿದಳು. "ತಗೊಳ್ಳಿ, ಬೆಳಗ್ಗೆಯಿಂದ ಏನೂ ತಿಂದ ಹಾಗಿಲ್ಲ ನೀವು."

ಸ್ಟಾರ್ಟ್ ಗೆರೆಗೆ ಅಡ್ಡ ಕಟ್ಟಿದ್ದ ಪಟ್ಟಿಗಳು ಮೇಲಕ್ಕೆ ಹಾರಿದವು. ನಾಲ್ಕು ಗಾಡಿಗಳು ಒಟ್ಟಿಗೆ ಚೀರಿದವು.

ನೆವಿಲ್ ತಡ ಮಾಡಲಿಲ್ಲ. ಆದರೂ ಹಳದಿಯವನು ಒಂದು ಗಾಲಿಯಷ್ಟು ಮುಂದಾದ. ಮೊದಲ ಸುತ್ತು ಹಾಗೇ ಕಳೆಯಿತು, ಎರಡನೆಯದೂ ಕಳೆಯಿತು. ಕಾಲಿನ್ ಮೂರನೆಯವನಾಗಿ ಹಲ್ಲು ಕಚ್ಚಿ ಹಿಡಿದುಕೊಂಡಿದ್ದ. ಕಟ್ಟೆಯ ಮೇಲೆ ಮುದುಕರು ಟೋಪಿ ಕಿತ್ತು ಕೈಯಲ್ಲಿ ಹಿಂಡುತ್ತಿದ್ದರು. ಒಬ್ಬ ಹೆಂಗಸು ಗೋಳೋ ಎಂದು ಅಳುತ್ತಿದ್ದಳು. ಹ್ಯಾಲ್‌ಬರಿಯ ಜನವೆಲ್ಲ ನೆವಿಲ್ ಗೆಲ್ಲಲೆಂದು ಹರಕೆ ಹೊರುತ್ತಿದ್ದಾಗ, ಅವರ ನಡುವೆ ನಿಂತು ಅವನು ಸೋಲಲಿ ಎಂದು ಬೇಡಿಕೊಳ್ಳುತ್ತಿದ್ದವಳು ಅವನ ಹೆಂಡತಿ. ಹಾಗೆ ಬೇಡಿಕೊಳ್ಳುವುದಕ್ಕೆ ಅವಳಿಗೆ ನಾಚಿಕೆಯಾಗುತ್ತಿತ್ತು. ಆದರೂ ಬಿಡಲಿಲ್ಲ.

ಕೊನೆಯ ಸುತ್ತಿನಲ್ಲಿ ಹಳದಿಯವನ ಹಿಂದಿನ ಗಾಲಿ ಜಾರಿ ಅಗಲಕ್ಕೆ ಹೋಯಿತು. ಒಳಬದಿಯಲ್ಲಿ ಒಂದು ಸಂದು ಬಿಟ್ಟುಕೊಂಡಿತು. ಕಿರಿದಾದ ಸಂದು. ಬ್ರೇಕಿಲ್ಲದ ಗಾಡಿಯಲ್ಲಿ, ಸರಳು ತುಂಬಿದ ಕಾಲಿನಲ್ಲಿ ಅಲ್ಲಿಗೆ ನುಗ್ಗದಿದ್ದರೆ ನೆವಿಲ್‌ನನ್ನು ಯಾರೂ ಒಂದು ಮಾತು ಅನ್ನುತ್ತಿರಲಿಲ್ಲ.

"ಬೇಡ!" ಬೆರಿಲ್ ಕಿರುಚಿದಳು. "ನೆವಿಲ್, ಬೇಡ ಕಣೋ!"

ಅವನು ನುಗ್ಗಿದ. ಕೆಂಪು ಮಣ್ಣು ಗೋಡೆಯಷ್ಟು ಎತ್ತರ ಎದ್ದಿತು. ಅದರೊಳಗಿಂದ ಮೊದಲು ಹೊರಬಂದದ್ದು ಕೆಂಪು ಹೆಲ್ಮೆಟ್.

ಜನ ಬೇಲಿ ಹಾರಿದರು. ಅವನನ್ನು ಎತ್ತಿ ಗಾಳಿಗೆ ಎಸೆದು ಹಿಡಿದರು, ಮತ್ತೆ ಎಸೆದರು. ವಿನ್ನಿ ಅಂಗಡಿ ಬಿಟ್ಟು ಓಡಿಬಂದು ಬೆರಿಲ್‌ಳನ್ನು ಅಪ್ಪಿಕೊಂಡಳು. ಅಪ್ಪಿಕೊಂಡವಳು ಕೈ ಸಡಿಲಿಸಿ, "ಕ್ಷಮಿಸಿಬಿಡಿ ತಾಯಿ," ಎಂದಳು. ಬೆರಿಲ್‌ಗೆ ಆಗ ಅಳು ತಡೆಯಲಾಗಲಿಲ್ಲ.

ಗದ್ದಲ ಕರಗಿದ ಮೇಲೆ ಹಾರ್ಗ್ರೀವ್ ಅವರಿಬ್ಬರನ್ನು ಹುಡುಕಿಕೊಂಡು ಅವರ ವ್ಯಾನಿನ ಬಳಿ ಬಂದ. ಕಣ್ಣು ಕೆಂಪಗಾಗಿದ್ದವು. ನೆವಿಲ್‌ನ ಕೈ ಹಿಡಿದುಕೊಂಡು ಬಿಡಲಾರದೆ ನಿಂತ.

"ಸೋಮವಾರ ನಾನು ಕೇಳೋಕೆ ಬಂದಾಗ ಪರಿಸ್ಥಿತಿ ಬೇರೆ ಇತ್ತು. ನಿನ್ನೆ ನೀವು ಕೊನೇ ಪಂದ್ಯ ಸೋತ ಮೇಲೆ ನೀವು ಬರಲ್ಲ ಅಂತಲೇ ಅಂದ್ಕೊಂಡಿದ್ದೆ. ಬಂದ್ರೂ ಮನಸಿಟ್ಟು ಓಡಿಸಲ್ಲ ಅಂದ್ಕೊಂಡೆ. ದೇವರಾಣೆ, ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಓಡಿಸ್ತಿರಲಿಲ್ಲ."

"ನಾವು ಕಷ್ಟದಲ್ಲಿದ್ದಾಗ ನೀವೂ ಸವಾರನನ್ನ ಕಳಿಸಿದ್ರಲ್ಲ," ಎಂದ ನೆವಿಲ್.

ಒಂದು ಸಂಜೆಯ ಮಟ್ಟಿಗೆ ಎರವಲು ಬಂದಿದ್ದ ಮಾರ್‌ಬ್ರಿಜ್ ತಂಡದ ನಾಯಕ ನೆವಿಲ್, ಹ್ಯಾಲ್‌ಬರಿಯ ಅಂಗಿಯನ್ನು ಬಿಚ್ಚಿ ಮಡಚಿ ಹಾರ್ಗ್ರೀವ್‌ನ ಕೈಗಿಟ್ಟು, ಮಾರ್‌ಬ್ರಿಜ್ ಟ್ರ್ಯಾಕ್ ಇನ್ನಿಲ್ಲವೆಂದು ಅದನ್ನು ಕಟ್ಟಿದ ಮಾವನಿಗೆ ಹೇಳಲು ಹೆಂಡತಿಯೊಡನೆ ಊರಿನ ದಾರಿ ಹಿಡಿದ.